ದುರ್ಗದ ವ್ಯಾಗನ್ ಆರ್ ನೋಡೋಕೆ ಹೋಗುವ ಮುಂಚೆ

2014ರ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ವ್ಯಾಗನ್ ಆರ್ ಕಾರು, ಮೀಟರ್‌ನಲ್ಲಿ 48,000 ಕಿ.ಮೀ., ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗಿ ನೋಡಬೇಕು, ಏನೇನು ನೋಡಲಿ ಅಂತ ಕೇಳಿದ್ದೀರಿ.

ಹೊರಡುವ ಮುಂಚೆ ಫೋನ್ ಮಾಡಿ, ನಾನು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿಬಿಡಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಟ್ಟು ನೋಡಿ. ತಣ್ಣಗಿರಬೇಕು, ಮೊದಲೇ ಬಿಸಿ ಮಾಡಿಟ್ಟ ಇಂಜಿನ್‌ನಲ್ಲಿ ಸ್ಟಾರ್ಟಿಂಗ್ ತೊಂದರೆ ಗೊತ್ತಾಗುವುದಿಲ್ಲ. ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ ಅಂತ ಅರ್ಥ, ಚೌಕಾಸಿಗೂ ನಿಲ್ಲದೆ ವಾಪಸ್ ಬನ್ನಿ. ಬೆಳಿಗ್ಗೆ ಸ್ವಲ್ಪ ಬಿಳಿ ಹಬೆ ಬಂದು ನಿಂತರೆ ಚಿಂತೆ ಇಲ್ಲ.

48,000 ನನಗ್ಯಾಕೋ ಕಡಿಮೆ ಅನ್ನಿಸುತ್ತಿದೆ. ಕಿ.ಮೀ. ಕಡಿಮೆ ತೋರಿಸೋಕೆ ಮೀಟರ್ ತಿರುಗಿಸುವವರಿಗೆ ಪೆಡಲ್ ರಬ್ಬರ್ ಬದಲಿಸೋದು ನೆನಪಾಗುವುದಿಲ್ಲ. ಕ್ಲಚ್ ಪೆಡಲ್ ನುಣ್ಣಗೆ ಸವೆದಿದ್ದರೆ ಸರ್ವಿಸ್ ಹಿಸ್ಟರಿ ತೋರಿಸಿ ಅನ್ನಿ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಹೊಸ ಟೈರ್ ಅಂತ ಹೇಳಿದರೆ ಅದನ್ನು ಓದಿ ನೋಡಿ.

ಬಾನೆಟ್ ಬೋಲ್ಟ್‌ಗಳ ಪೇಂಟ್ ಕಿತ್ತಿದ್ದರೆ ಯಾವಾಗಲೋ ಬಿಚ್ಚಿದ್ದಾರೆ, ಯಾಕೆ ಅಂತ ಕೇಳಿ.

ಹೈವೇಯಲ್ಲಿ ಮಾತ್ರ ಓಡಿಸಿ ಖುಷಿ ಪಡಬೇಡಿ, ಅಲ್ಲಿ ಎಲ್ಲಾ ಗಾಡಿನೂ ಚೆನ್ನಾಗೇ ಓಡುತ್ತದೆ ಅಲ್ವಾ! ಕೋಟೆ ಕಡೆ ಊರೊಳಗೆ ಹಂಪ್ ದಾಟಿಸಿ. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಮುಂದೆ ಹೋಗಿ, ಕಟಕಟ ಅಂದರೆ ಆಕ್ಸಲ್ ಜಾಯಿಂಟ್ ಸವೆದಿದೆ. ಎಸಿ ಮಧ್ಯಾಹ್ನದ ಬಿಸಿಲಿನಲ್ಲೇ ಹಾಕಿ.

ಆರ್‌ಸಿಯಲ್ಲಿ (ಗಾಡಿಯ ನೋಂದಣಿ ಪತ್ರ) ಸಾಲ ಕೊಟ್ಟ ಬ್ಯಾಂಕ್ ಹೆಸರಿದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ), ಆರ್‌ಸಿಯಿಂದ ಸಾಲ ತೆಗೆಸುವ ಫಾರಂ 35 ಕೈಗೆ ಸಿಗುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಗಾಡಿ ನಿಮ್ಮ ಹೆಸರಿಗೆ ಮಾಡಿಸುವ ಫಾರಂ 29, 30ಕ್ಕೆ ಮಾರುವವರಿಂದ ಅವತ್ತೇ ಸಹಿ ಹಾಕಿಸಿಕೊಳ್ಳಿ.