“ಎಲ್ಲಿ ಬಿಟ್ಟು ಬರ್ಲಿ ಮೇಡಮ್ರಿ?”

“ಕೆಲಸದ ಸಿಟ್ಟನ್ನ ಮನೆಗೆ ತರಬೇಡಿ.” ಆಪ್ತಸಲಹೆಗಾರ್ತಿಯಾಗಿ ಈ ಮಾತನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಬ್ಯಾಂಕಿನವರಿಗೆ, ಮೇಷ್ಟರುಗಳಿಗೆ, ಸಾಫ್ಟ್‌ವೇರ್ ಹುಡುಗರಿಗೆ. ಚಪ್ಪಲಿ ಜೊತೆ ಸಿಟ್ಟನ್ನೂ ಬಾಗಿಲ ಹೊರಗೇ ಬಿಡಿ ಅಂತ ಸ್ವಲ್ಪ ಅಲಂಕಾರ ಮಾಡಿಯೂ ಹೇಳುತ್ತಿದ್ದೆ. ಹೋದ ವರ್ಷ ಏಪ್ರಿಲ್‌ನಿಂದ ಹೇಳಿಲ್ಲ. ಯಾಕೆ ಅಂತ ಬರೆದುಬಿಡುತ್ತೇನೆ, ಯಾಕಂದ್ರೆ ಇಂಥ ಕೇಸುಗಳು ಪ್ರತಿ ಬೇಸಿಗೆಯಲ್ಲೂ ಬರುತ್ತವೆ. ಮಧ್ಯಾಹ್ನ ಸುಡುವ ಬಿಸಿಲು, ಸಂಜೆ ಧೋ ಅಂತ ಮಳೆ ಇರುವ ಆ ಎರಡು ತಿಂಗಳಲ್ಲಿ ಇನ್ನೂ ಜಾಸ್ತಿ.

ಗಂಡ ಗಾರೆ ಕೆಲಸದವರು. ಹೆಂಡತಿ ಅದೇ ಸೈಟಿನಲ್ಲಿ ಹೆಲ್ಪರ್. ಯಾದಗಿರಿ ಕಡೆಯವರು, ದುಡಿಯೋಕೆ ಬೆಂಗಳೂರಿಗೆ ಬಂದು ನಾಲ್ಕು ವರ್ಷ. ಏಳು ವರ್ಷದ ಮಗ ಇದ್ದಾನೆ. ಹೆಸರು ಬೇಡ, ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ನಾನು ವಾರಕ್ಕೆರಡು ದಿನ ಕೂರುವ ಆರೋಗ್ಯ ಕೇಂದ್ರಕ್ಕೆ ಹೆಂಡತಿಯೇ ಅವರನ್ನು ಕರೆತಂದರು. “ಇವರಿಗೆ ಸಿಟ್ಟು ಭಾಳ ಆಗ್ಯಾದ್ರಿ, ಏನಾರ ಗುಳಿಗಿ ಕೊಡ್ರಿ” ಅಂದರು.

ಆಗಿದ್ದು ಇಷ್ಟು. ಒಂದು ಸಂಜೆ ರೊಟ್ಟಿ ತಟ್ಟೆ ಎತ್ತಿ ಬೀಸಾಡಿದ್ದಾರೆ. ಯಾರಿಗೂ ತಾಗಿಲ್ಲ. ಆದರೆ ಹುಡುಗ ಕಾಣೆಯಾದ. ಒಂದು ಗಂಟೆ ಹುಡುಕಿದ ಮೇಲೆ ಸೆಂಟ್ರಿಂಗ್ ಹಲಗೆಗಳ ಹಿಂದೆ ಮುದುಡಿ ಕೂತಿದ್ದವನು ಸಿಕ್ಕಿದ.

ಹೆಂಡತಿಯನ್ನು ಒಬ್ಬರನ್ನೇ ಕೂರಿಸಿಕೊಂಡು ಕೇಳಿದೆ, ಕೈ ಮಾಡ್ತಾರಾ ಅಂತ. ಇದನ್ನು ಕೇಳದೆ ನಾನು ಮುಂದೆ ಹೋಗುವುದಿಲ್ಲ. “ಇಲ್ರಿ, ಇನ್ನಾ ಇಲ್ಲ” ಅಂದರು. ಆ “ಇನ್ನಾ” ನನಗೆ ಚುಚ್ಚಿತು. ಮಹಿಳಾ ಸಹಾಯವಾಣಿಯ 181 ನಂಬರ್ ಅವರ ಫೋನಿನಲ್ಲಿ ಹಾಕಿಸಿದ ಮೇಲೆಯೇ ಗಂಡನನ್ನು ಒಳಗೆ ಕರೆದೆ.

“ನಿಮಗ್ಯಾಕೆ ಸಿಟ್ಟು ಬರುತ್ತೆ” ಅಂತ ಕೇಳಿದರೆ ಯಾರೂ ಹೇಳುವುದಿಲ್ಲ. “ಆ ದಿನ ಬೆಳಿಗ್ಗೆಯಿಂದ ಏನಾಯ್ತು, ಹೇಳಿ” ಅಂದೆ. ಉಗುರಿನ ಸಂದಿಯಲ್ಲಿ ಗಟ್ಟಿಯಾಗಿದ್ದ ಸಿಮೆಂಟನ್ನು ಇನ್ನೊಂದು ಉಗುರಿನಿಂದ ಕೆರೆಯುತ್ತಾ, ನನ್ನ ಮುಖ ನೋಡದೆ, ಅವರು ಹೇಳುತ್ತಾ ಹೋದರು.

ಬೆಳಿಗ್ಗೆ ನೀರಿನ ಟ್ಯಾಂಕರ್ ಬರಲಿಲ್ಲ. ಹನ್ನೊಂದರ ತನಕ ಕಲಸೋಕೂ ನೀರಿಲ್ಲ, ಕುಡಿಯೋಕೂ ಇಲ್ಲ. ಬಂದ ಮೇಲೆ, ಹೋದ ಹೊತ್ತನ್ನು ತುಂಬಿಸಬೇಕಲ್ಲ, ಊಟ ಬಿಟ್ಟು ಕೆಲಸ. ಆರಿಂಚಿನ ಸಾಲಿಡ್ ಬ್ಲಾಕಿನ ಗೋಡೆ. ಒಂದೊಂದು ಬ್ಲಾಕೂ 20 ಕಿಲೋ ಮೇಲೆಯೇ. ದಾರ ಕಟ್ಟಿ, ರಸಮಟ್ಟ ಇಟ್ಟು, ಆರು ಸಾಲು ಏರಿಸಿದರು. ಆಗ ಇಂಜಿನಿಯರ್ ಬಂದ. ಬಾಗಿಲಿನ ಜಾಗ ಅರ್ಧ ಅಡಿ ಈಚೆ ಬಂದಿದೆ, ಕೆಡವು ಅಂದ. ಮಾರ್ಕಿಂಗ್ ಹಾಕಿಕೊಟ್ಟಿದ್ದು ಮೇಸ್ತ್ರಿ. ಮೇಸ್ತ್ರಿ ಅಲ್ಲೇ ನಿಂತಿದ್ದರೂ ಬಾಯಿ ಬಿಡಲಿಲ್ಲ. ಇವರು ತಮ್ಮ ಕೈಯಾರೆ ಕಟ್ಟಿದ್ದನ್ನು ಕೆಡವಿ, ಒಂದೊಂದೇ ಬ್ಲಾಕಿಗೆ ಅಂಟಿದ ಗಾರೆಯನ್ನು ಕರಣೆಯಿಂದ ಕೆರೆದು ಪಕ್ಕಕ್ಕಿಟ್ಟು, ಮತ್ತೆ ಎರಡು ಸಾಲು ಇಡುವಷ್ಟರಲ್ಲಿ ಮಳೆ ಹೊಡೆಯಿತು. ಟಾರ್ಪಾಲ್ ಹೊದಿಸುವ ಮುಂಚೆಯೇ ಹಸಿ ಗಾರೆ ತೊಳೆದುಹೋಯಿತು. ಶನಿವಾರ ಬಟವಾಡೆಯಲ್ಲಿ ಆ ದಿನಕ್ಕೆ ಅರ್ಧ ಪಗಾರ.

“ಕಟ್ಟಿದ್ದಕ್ಕ ಕೂಲಿ ಐತ್ರಿ, ಕೆಡವಿದ್ದಕ್ಕ ಇಲ್ಲ” ಅಂದರು.

ನಾನು ಎಲ್ಲಾ ಕೇಳಿ, ನನ್ನ ಮಾಮೂಲಿ ಮಾತು ಹೇಳಿದೆ. ಬೇಜಾರಾಗಿದ್ದು ನ್ಯಾಯವೇ, ಆದರೆ ಸೈಟಿನದ್ದನ್ನು ಸೈಟಲ್ಲೇ ಬಿಟ್ಟು ಬರಬೇಕು ಅಂತ.

ಅವರು ಮೊದಲ ಸಲ ತಲೆ ಎತ್ತಿದರು. “ಎಲ್ಲಿ ಬಿಟ್ಟು ಬರ್ಲಿ ಮೇಡಮ್ರಿ? ನಮ್ ಶೆಡ್ಡು ಸೈಟ್‌ನ್ಯಾಗೇ ಐತಿ. ಮಕ್ಕೊಂಡ್ರ ಅದೇ ಗ್ವಾಡಿ ಕಾಣ್ತದ.”

ನನಗೆ ಏನು ಹೇಳಬೇಕೋ ತೋಚಲಿಲ್ಲ. ನಾಲ್ಕು ತಗಡು, ಮೇಲೊಂದು ನೀಲಿ ಟಾರ್ಪಾಲ್. ಬಾಗಿಲೇ ಇಲ್ಲದ ಮನೆಗೆ ನಾನು ಬಾಗಿಲ ಹೊರಗೆ ಬಿಡುವ ಉಪಾಯ ಹೇಳುತ್ತಿದ್ದೆ. ಸುಮ್ನೆ ಕೂತೆ. ಆಮೇಲೆ ಅವರೇ ಹೇಳಿದರು. ಕೆಡವಿದ್ದಕ್ಕಿಂತ ಜಾಸ್ತಿ ನೋವಾಗಿದ್ದು ಬೇರೆ. ಮೀಸೆ ಚಿಗುರದ ಆ ಇಂಜಿನಿಯರ್ ಹುಡುಗ ಏಕವಚನದಲ್ಲಿ ಬೈಯುವಾಗ ಹೆಂಡತಿ ತಲೆ ಮೇಲೆ ಬಾಂಡ್ಲಿ ಹೊತ್ತು ಅಲ್ಲೇ ನಿಂತಿದ್ದರಂತೆ. ಸಂಜೆ ರೊಟ್ಟಿ ಬಡಿಸಿದ್ದೂ ಅವರೇ. ಅವಮಾನ ಆಗುವಾಗ ನೋಡಿದ ಕಣ್ಣು ಮತ್ತೆ ಎದುರಿಗೆ.

ಹೆಂಡತಿಯನ್ನು ಒಳಗೆ ಕರೆದೆ. “ನಿಮಗೆ ಆ ದಿನ ಹೆಂಗಿತ್ತಮ್ಮಾ?” ಅಂತ ಕೇಳಿದೆ. ಅವರು ನಕ್ಕರು. “ನನಗೂ ಅದೇ ದಿನ ಅಲ್ರೇನ್ರಿ? ನಾನೂ ಉಪವಾಸನೇ ಇದ್ದೆ. ಆ ಗಾರಿ ಹೊತ್ತಾಕಿ ನಾನೇ.”

ಗಂಡ ಅವರ ಕಡೆ ತಿರುಗಿ ನೋಡಿದ ರೀತಿ ಇದೆಯಲ್ಲ, ಅಲ್ಲಿಯವರೆಗೆ ಅದು ಅವರಿಗೆ ಹೊಳೆದೇ ಇರಲಿಲ್ಲ ಅನ್ನಿಸಿತು. ನನಗೂ ಹೊಳೆದಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಒಂದು ಗಂಟೆ ಅದನ್ನು “ಅವರ ದಿನ” ಅಂದುಕೊಂಡೇ ಕೇಳಿದ್ದೆ.

ಕೊಟ್ಟ ಸಲಹೆ ದೊಡ್ಡದೇನಲ್ಲ. ಕೆಲಸ ಬಿಟ್ಟ ಮೇಲೆ ಇಬ್ಬರೂ ಸೀದಾ ಶೆಡ್ಡಿಗೆ ಹೋಗಬಾರದು. ನೀರಿನ ಟ್ಯಾಂಕಿನ ಹತ್ತಿರ ಕೈಕಾಲು ಮುಖ ತೊಳೆದು, ಒಂದಿಷ್ಟು ಮಂಡಕ್ಕಿಯೋ ಬನ್ನೋ ತಿಂದು, ಹತ್ತು ನಿಮಿಷ ಕೂತು ಆಮೇಲೆ ಹೋಗಬೇಕು. ಆ ಟ್ಯಾಂಕೇ ಹೊಸ್ತಿಲು ಅಂದುಕೊಳ್ಳಿ ಅಂದೆ. ಹೊಟ್ಟೆ ತುಂಬುವ ತನಕ ಆ ದಿನದ ಮಾತು ಬೇಡ, ಕೆಲಸ ಬಿಡ್ತೀನಿ, ಊರಿಗೆ ಹೋಗ್ತೀನಿ ಅನ್ನೋ ತೀರ್ಮಾನವಂತೂ ಬೇಡವೇ ಬೇಡ. ರೊಟ್ಟಿ ತಟ್ಟುವಾಗ ಒಲೆಯ ಹತ್ತಿರ ಗಂಡನೂ ಕೂರಬೇಕು, ಆಕೆಯೂ ಅಷ್ಟೇ ದುಡಿದು ಬಂದಿರುತ್ತಾರೆ. ಮಗನನ್ನು ಕೂರಿಸಿಕೊಂಡು “ಸಿಟ್ಟು ನಿನ್ನ ಮ್ಯಾಲಲ್ಲಪ್ಪ” ಅಂತ ಒಂದು ಸಲ ಬಾಯಿ ಬಿಟ್ಟು ಹೇಳಬೇಕು. ಮಕ್ಕಳಿಗೆ ಅದು ತಾನಾಗೇ ಅರ್ಥವಾಗುವುದಿಲ್ಲ.

ಇನ್ನೊಂದು. ಮೊದಲ ಸಾಲು ಇಡುವ ಮುಂಚೆ ಮಾರ್ಕಿಂಗ್‌ನ ಫೋಟೋ ಫೋನಿನಲ್ಲಿ ತೆಗೆದಿಡಿ, ಮೇಸ್ತ್ರಿಯೂ ಅದರಲ್ಲಿ ಕಾಣುವಂತಿರಲಿ ಅಂದೆ. ದಿನದ ಹಾಜರಿಯನ್ನು ನಿಮ್ಮದೇ ಪುಸ್ತಕದಲ್ಲೂ ಬರೆಯಿರಿ. ಲೇಬರ್ ಕಾರ್ಡ್ ಇರಲಿಲ್ಲ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವಯಸ್ಸಿನೊಳಗಿನವರು ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿ ಆ ಕಾರ್ಡ್ ಮಾಡಿಸಬಹುದು. ಇವರು ನಾಲ್ಕು ವರ್ಷ ದುಡಿದಿದ್ದಾರೆ, ಯಾರೂ ಹೇಳಿಯೇ ಇಲ್ಲ.

ಇದೇನು ಆಪ್ತಸಲಹೆನಾ, ಲೇಬರ್ ಆಫೀಸಿನ ಕೆಲಸನಾ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ದೀರ್ಘ ಉಸಿರಾಟ ಹೇಳಿಕೊಡಬಹುದಿತ್ತು, ಹೌದು. ದಿನವಿಡೀ ಎಂ-ಸ್ಯಾಂಡ್ ಧೂಳಲ್ಲಿ ಉಸಿರು ಎಳೆದವರಿಗೆ! ನೀರಿಲ್ಲ, ಊಟವಿಲ್ಲ, ಮಾಡದ ತಪ್ಪಿಗೆ ಬೈಗುಳ, ಮೇಲೆ ಅರ್ಧ ಕೂಲಿ. ಇದಿಷ್ಟನ್ನೂ ಅವರ ತಲೆಯೊಳಗಿನ ತೊಂದರೆ ಅಂತ ಬರೆದುಕೊಂಡು ಕಳಿಸಿದ್ದರೆ ನಾನೂ ಆ ಮೇಸ್ತ್ರಿಯಷ್ಟೇ ಸುಮ್ಮನೆ ನಿಂತ ಹಾಗೆ. ಕೆಲಸದ ಜಾಗದಲ್ಲಿ ಕುಡಿಯುವ ನೀರು ಕೊಡಲೇಬೇಕು ಅಂತ ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಲ್ಲೇ ಬರೆದಿದ್ದರು. ಗುಳಿಗೆ ಬೇಕಾದವರಿಗೆ ಗುಳಿಗೆ ಬೇಕೇ ಬೇಕು, ನಾನೇ ಡಾಕ್ಟರ ಹತ್ತಿರ ಕಳಿಸುತ್ತೇನೆ. ನಿದ್ದೆ ಪೂರ್ತಿ ಹೋಗಿದ್ದರೆ, ಕುಡಿತ ದಿನಾ ಆಗಿದ್ದರೆ, ಸಾಯುವ ಮಾತು ಬಂದರೆ ತಡ ಮಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ರಾತ್ರಿಯೂ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇವರಿಗೆ ಆಗ ಬೇಕಾಗಿದ್ದು ಅದಲ್ಲ ಅಂತ ನನಗನ್ನಿಸಿತು, ಈಗಲೂ ಅನ್ನಿಸುತ್ತದೆ.

ಇನ್ನೂ ಎರಡು ಸಲ ಬಂದರು. ಮೂರನೇ ಸಲ ಮಗನನ್ನೂ ಕರೆತಂದಿದ್ದರು. ಸಂಜೆ ಟವೆಲ್ ಹಿಡಿದು ಟ್ಯಾಂಕಿನ ಹತ್ತಿರ ಕಾಯೋದು ಈಗ ಅವನ ಡ್ಯೂಟಿಯಂತೆ. ಟ್ಯಾಂಕರ್ ಈಗಲೂ ತಡವಾಗಿಯೇ ಬರುತ್ತದೆ.

ಆಮೇಲೆ ಬರಲಿಲ್ಲ. ಫೋನ್ ಮಾಡಿದೆ. ಆ ಕಟ್ಟಡ ಮುಗಿಯಿತಂತೆ, ಊರಿನ ಇನ್ನೊಂದು ತುದಿಯಲ್ಲಿ ಹೊಸ ಸೈಟಂತೆ. ಟ್ಯಾಂಕ್ ಇದೆಯಾ ಅಂತ ಕೇಳಿದೆ.

“ಐತ್ರಿ. ಸ್ವಲ್ಪ ದೂರ ಐತಿ.”