ಜಗಳ ಹಾಲ್‌ನಲ್ಲಿ, ರಾಜಿ ರೂಮಿನಲ್ಲಿ

ರಾಜಾಜಿನಗರದ ತಾಯಿಯೊಬ್ಬರು ಬರೆದ ಪತ್ರದ ಸಾರ: ಮಗನಿಗೆ ಎರಡು ವರ್ಷ ಒಂಬತ್ತು ತಿಂಗಳು. ಹೋದ ವಾರ ಊಟದ ಮಧ್ಯೆ ಫೋನ್ ಕಿತ್ತುಕೊಂಡಾಗ ಸ್ಟೀಲ್ ಲೋಟ ಎಸೆದು ‘ಸಾಕು, ಬಾಯ್ಮುಚ್ಚು’ ಅಂದನಂತೆ, ಥೇಟ್ ಅಪ್ಪನ ದನಿಯಲ್ಲೇ. ನಾದಿನಿ ನಕ್ಕು ವಿಡಿಯೊ ಮಾಡಿಕೊಂಡರು. ‘ದೊಡ್ಡವನಾದ್ರೆ ಸರಿಹೋಗ್ತಾನೆ’ ಅನ್ನುವುದು ಅತ್ತೆ. ‘ಎರಡು ಬಿಟ್ರೆ ಸರಿಹೋಗ್ತಾನೆ’ ಅನ್ನುವುದು ಯಜಮಾನರು. ‘ಇಷ್ಟು ಚಿಕ್ಕವನಿಗೆ ನಮ್ಮ ಜಗಳ ಅರ್ಥವಾಗುತ್ತದೆಯೇ? ಯಾರ ಮಾತು ಕೇಳಲಿ?’

ಉತ್ತರ: ಇಬ್ಬರದ್ದೂ ಬೇಡ. ಎರಡು ಬಿಡುವ ವಿಷಯ ಮೊದಲು ಮುಗಿಸೋಣ. 1961ರಲ್ಲಿ ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ, ಮಕ್ಕಳ ಕಣ್ಣೆದುರೇ ದೊಡ್ಡವರಿಂದ ಗಾಳಿ ತುಂಬಿದ ಗೊಂಬೆಗೆ ಸುತ್ತಿಗೆಯಿಂದ ಹೊಡೆಸಿದರು, ಬೈಸಿದರು. ಆಮೇಲೆ ಅದೇ ಗೊಂಬೆ ಸಿಕ್ಕಾಗ ಹಲವು ಮಕ್ಕಳು ಅದೇ ಸುತ್ತಿಗೆ ಎತ್ತಿದರು, ಅದೇ ಮಾತು ಆಡಿದರು. ಹೀಗೆ ಮಾಡಿ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಲೋಟ ಎಸೆದವನಿಗೆ ಎರಡು ಬಿಟ್ಟರೆ ನಿಮ್ಮ ಹಾಲ್‌ನಲ್ಲೂ ಆ ಪಾಠವೇ ನಡೆಯುತ್ತದೆ.

ಜಗಳದ ಮಾತು ಅವನಿಗೆ ಅರ್ಥವಾಗದಿರಬಹುದು, ದನಿ, ಮುಖ ಚೆನ್ನಾಗಿ ಅರ್ಥವಾಗುತ್ತದೆ. 1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞರು ನಡೆಸಿದ ಪ್ರಯೋಗದಲ್ಲಿ ತಾಯಂದಿರು ಕೆಲವೇ ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಕೂಸಿನ ಮುಂದೆ ಕೂತರು. ಇನ್ನೂ ಮಾತು ಬಾರದ ಕೂಸು ನಕ್ಕಿತು, ಕೈ ಚಾಚಿತು, ಏನೂ ಆಗದಿದ್ದಾಗ ಮುಖ ತಿರುಗಿಸಿಕೊಂಡಿತು. ಫೋನ್ ನೋಡುವಾಗ ನಮ್ಮೆಲ್ಲರ ಮುಖವೂ ಹೆಚ್ಚುಕಡಿಮೆ ಹಾಗೇ ಇರುತ್ತದೆ.

ಈಗ ಜಗಳಕ್ಕೆ ಬರೋಣ. ಜಗಳವೇ ಇಲ್ಲದ ಮನೆ ಇಲ್ಲ, ಅದನ್ನು ನಿಲ್ಲಿಸಿ ಎಂದು ನಾವು ಹೇಳುವುದಿಲ್ಲ. ತೊಂದರೆ ಬೇರೆ ಕಡೆ ಇದೆ: ನಮ್ಮಲ್ಲಿ ಜಗಳ ಹಾಲ್‌ನಲ್ಲಿ ಆಗುತ್ತದೆ, ರಾಜಿ ಮಗು ಮಲಗಿದ ಮೇಲೆ ರೂಮಿನಲ್ಲಿ. ಮಗು ನೋಡುವುದು ಅರ್ಧ ಸಿನಿಮಾ. ಉಳಿದರ್ಧವನ್ನು ತಾನೇ ಕಟ್ಟಿಕೊಳ್ಳುತ್ತದೆ, ಈ ವಯಸ್ಸಿನಲ್ಲಿ ‘ಎಲ್ಲ ನನ್ನಿಂದಲೇ ಆಯ್ತು’ ಅಂದುಕೊಳ್ಳುವುದೇ ಹೆಚ್ಚು. ಆದ್ದರಿಂದ ಅದೇ ದಿನ, ಅವನು ಮಲಗುವ ಮುಂಚೆ, ಕೂಗಾಡಿದವರೇ ನೆಲದ ಮೇಲೆ ಕೂತು ಹೇಳಬೇಕು: ‘ಅಪ್ಪ ಜೋರಾಗಿ ಕೂಗಿಬಿಟ್ಟೆ. ನಿಂಗೆ ಭಯ ಆಯ್ತು ಅಲ್ವಾ? ಅದು ನಿನ್ನಿಂದ ಆಗಿದ್ದಲ್ಲ. ಅಮ್ಮ, ನಾನು ಈಗ ಸರಿಹೋದ್ವಿ.’ ಇಷ್ಟು ಸಾಕು, ಭಾಷಣ ಬೇಡ. ‘ಏನೂ ಆಗಿಲ್ಲ ಪುಟ್ಟ’ ಅನ್ನಬೇಡಿ, ಆಗಿದ್ದನ್ನು ಅವನೇ ನೋಡಿದ್ದಾನೆ. ಚಾಕೊಲೇಟ್ ಕೊಟ್ಟು ಮುಗಿಸಬೇಡಿ. ‘ನೀನು ಹಠ ಮಾಡಿದ್ದಕ್ಕೇ ಅಪ್ಪಂಗೆ ಸಿಟ್ಟು ಬಂತು’ ಎಂಬುದಂತೂ ಎಲ್ಲಕ್ಕಿಂತ ಕೆಟ್ಟದ್ದು. (ಕೂಗಾಟ ಹೊಡೆತದವರೆಗೂ ಹೋಗುವ ಮನೆಗೆ ಈ ಸಲಹೆ ಹೊಂದುವುದಿಲ್ಲ. ಅಲ್ಲಿ ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098.)

ಫೋನು, ಊಟ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮೊದಲು ಊಟದಿಂದ ಬಿಡಿಸಿ. ಶನಿವಾರ ಶುರುಮಾಡಿ, ಇಬ್ಬರೂ ಮನೆಯಲ್ಲಿರುತ್ತೀರಿ. ಊಟಕ್ಕೆ ಎರಡು ಗಂಟೆ ಮೊದಲು ಹಾಲು, ಬಿಸ್ಕತ್ತು ನಿಲ್ಲಿಸಿ. ಎಲ್ಲರ ಫೋನೂ ಫ್ರಿಡ್ಜ್ ಮೇಲಿನ ಡಬ್ಬಕ್ಕೆ ಹೋಗಲಿ, ಅಜ್ಜಿಯದೂ ಸೇರಿ. ತಟ್ಟೆಗೆ ಎರಡೇ ಚಮಚ ಸಾರನ್ನ ಹಾಕಿ, ಬೇಕೆಂದರೆ ಮತ್ತೆ ಬಡಿಸಿ. ಅರ್ಧ ಗಂಟೆ ಆದ ಮೇಲೆ, ತಿನ್ನದಿದ್ದರೂ, ಬೈಯದೆ ತಟ್ಟೆ ಎತ್ತಿ. ಮೊದಲ ಕೆಲವು ದಿನ ಅಳು ಕಡಿಮೆಯಾಗುವ ಬದಲು ಜೋರಾಗುತ್ತದೆ. ಇಷ್ಟು ದಿನ ಜೋರಾಗಿ ಅತ್ತಾಗಲೇ ಫೋನ್ ಸಿಕ್ಕಿದ್ದು. ಹೆಚ್ಚಿನವರು ಸೋಲುವುದು ಇಲ್ಲೇ. ಮೂರನೇ ದಿನ ‘ಪಾಪ, ಇವತ್ತೊಂದಿನ’ ಅಂತ ಕೊಟ್ಟರೆ, ಇನ್ನು ಮುಂದೆ ಎಷ್ಟು ಹೊತ್ತು ಅಳಬೇಕೆಂದು ನೀವೇ ಅಳತೆ ಹಾಕಿಕೊಟ್ಟಂತೆ. ಅತ್ತೆಗೆ ಇದನ್ನು ಶುಕ್ರವಾರವೇ ಬಿಡಿಸಿ ಹೇಳಿ, ಅಳುವ ಹೊತ್ತಲ್ಲಿ ಅಲ್ಲ.

ನಿದ್ದೆಯ ಲೆಕ್ಕವನ್ನೂ ನೋಡಿ. ಈ ವಯಸ್ಸಿಗೆ ಹಗಲಿನದೂ ಸೇರಿ 11ರಿಂದ 14 ಗಂಟೆ ಬೇಕು. ಔಟರ್ ರಿಂಗ್ ರೋಡ್ ದಾಟಿ ರಾತ್ರಿ ಒಂಬತ್ತೂವರೆಗೆ ಬರುವ ಅಪ್ಪನಿಗಾಗಿ ಹನ್ನೊಂದರವರೆಗೆ ಎದ್ದಿದ್ದು, ಬೆಳಿಗ್ಗೆ ಏಳಕ್ಕೆ ಪ್ಲೇಹೋಮ್‌ಗೆ ಏಳಿಸಿದರೆ ಸಿಗುವುದು ಎಂಟೇ ಗಂಟೆ. ಮಧ್ಯಾಹ್ನದ ಒಂದು ಗಂಟೆಯ ನಿದ್ದೆ ಅದನ್ನು ತುಂಬುವುದಿಲ್ಲ. ಸಂಜೆಯ ಹಠದಲ್ಲಿ ಅರ್ಧ ಬರೀ ನಿದ್ದೆಗೇಡು. ಅಪ್ಪನ ಪಾಲನ್ನು ಬೆಳಿಗ್ಗೆಗೆ ಬದಲಾಯಿಸಿ: ಸ್ನಾನ, ತಿಂಡಿ, ಕಿಟಕಿ ಹತ್ತಿರ ಹತ್ತು ನಿಮಿಷ.

ಕಿಟಕಿ ಅಂದದ್ದು ಸುಮ್ಮನೆ ಅಲ್ಲ. ಅವನು ‘ಕಾಗೆ’ ಅಂದರೆ, ‘ಹೌದು, ಕಾಗೆ. ಕರೆಂಟ್ ತಂತಿ ಮೇಲೆ ಕೂತಿದೆ’ ಅನ್ನಿ. ಆಮೇಲೆ ಮನಸ್ಸಲ್ಲೇ ಐದು ಎಣಿಸಿ, ಸುಮ್ಮನಿರಿ. ಪದ ಹುಡುಕಲು ಅವನಿಗೆ ಅಷ್ಟು ಹೊತ್ತು ಬೇಕು. ‘ಕಾಗೆ ಹಾರೋಯ್ತು’ ಅಂತ ಬಂದರೆ ಮಾತು ಬೆಳೆಯಿತು. ಅದು ಬಿಟ್ಟು ‘ಕಲರ್ ಏನು? ಇಂಗ್ಲಿಷ್‌ನಲ್ಲಿ ಹೇಳು’ ಎಂದು ಶುರುವಾದರೆ ಅದು ಪರೀಕ್ಷೆ, ಮಗು ಬಾಯಿ ಮುಚ್ಚುತ್ತದೆ.

ಲೋಟ ಮತ್ತೆ ಎಸೆದರೆ ಕೈ ಮೆತ್ತಗೆ ಹಿಡಿದು ‘ಎಸೆಯೋ ಹಾಗಿಲ್ಲ’ ಅನ್ನಿ, ಒಂದೇ ಸಲ. ಸಿಟ್ಟು ಇಳಿದ ಮೇಲೆ ಬಟ್ಟೆ ಕೊಟ್ಟು ಜೊತೆಯಲ್ಲೇ ನೆಲ ಒರೆಸಿ. ಬೇಕಂತಲೇ ಮಾಡುತ್ತಾನೆ ಅನ್ನುವವರಿಗೆ: ಸಿಟ್ಟಿಗೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ.

ಅವನು ಇನ್ನೂ ಎರಡು ಪದ ಸೇರಿಸಿ ಸ್ವಂತ ಮಾತಾಡದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಬರುತ್ತಿದ್ದ ಮಾತು ನಿಂತಿದ್ದರೆ ಮಾತ್ರ ಮಕ್ಕಳ ವೈದ್ಯರ ಬಳಿ ಹೋಗಿ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ನಿಮ್ಹಾನ್ಸ್‌ನ ಮಕ್ಕಳ ವಿಭಾಗ ಎರಡೂ ನಮ್ಮೂರಲ್ಲೇ ಇವೆ. ಯಜಮಾನರ ಸಿಟ್ಟು ಅವರ ಕೈಮೀರುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅವರೇ ಕರೆ ಮಾಡಲಿ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಆ ವಿಡಿಯೊ. ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಗಿದ್ದರೆ ಅಳಿಸಲು ನಾದಿನಿಗೆ ಹೇಳಿ. ಅವನ ಮುಂದೆ ಅದನ್ನು ಹಾಕಿ ನಗಬೇಡಿ, ಬಂದವರ ಎದುರು ‘ಇನ್ನೊಂದ್ಸಲ ಹೇಳು’ ಅನ್ನಬೇಡಿ. ಮುಂದಿನ ಸಲ ‘ಬಾಯ್ಮುಚ್ಚು’ ಅಂದಾಗ ಯಾರೂ ನಗದೆ, ಬೈಯದೆ, ‘ನಂಗೆ ಸಾಕು’ ಎಂಬ ಎರಡು ಪದ ಕೊಡಿ. ಅದೇ ಎರಡು ಪದವನ್ನು ನೀವಿಬ್ಬರೂ ಅವನ ಮುಂದೆ ಬಳಸಿ.