ಬ್ಲ್ಯಾಕ್ ಕೀಸ್ ಗಾಯಕನ ಇನ್ನೊಂದು ಬ್ಯಾಂಡ್ 'ದಿ ಆರ್ಕ್ಸ್' ಅಷ್ಟು ಬೇರೆಯಾಗಿ ಕೇಳಿಸುವುದೇಕೆ?

ಮುಖ್ಯ ಕಾರಣ ತಾಳ ಹಿಡಿದವರು. ಬ್ಲ್ಯಾಕ್ ಕೀಸ್ ಅಮೆರಿಕದ ಓಹಾಯೋದ ಆಕ್ರನ್ ಊರಿನ ಇಬ್ಬರ ರಾಕ್ ಬ್ಯಾಂಡ್: ಡ್ಯಾನ್ ಆವರ್‌ಬ್ಯಾಕ್ ಹಾಡುಗಾರಿಕೆ ಮತ್ತು ಗಿಟಾರ್, ಪ್ಯಾಟ್ರಿಕ್ ಕಾರ್ನಿ ಡ್ರಮ್ಸ್. ಆರಂಭದ ಆಲ್ಬಮ್‌ಗಳಲ್ಲಿ ಹೆಚ್ಚಾಗಿ ಬೇಸ್ ಗಿಟಾರ್ (ತಗ್ಗು ಸ್ವರಗಳ ಗಿಟಾರ್) ಇಲ್ಲದ್ದರಿಂದ ಇಡೀ ಭಾರ ಗಿಟಾರಿನ ಮೇಲೆಯೇ ಬೀಳುತ್ತಿತ್ತು.

ಆರ್ಕ್ಸ್‌ಗೆ ಆವರ್‌ಬ್ಯಾಕ್ ಕರೆತಂದದ್ದು ನ್ಯೂಯಾರ್ಕಿನ ಸೋಲ್ ಮತ್ತು ಫಂಕ್ (ಕಪ್ಪು ಅಮೆರಿಕನ್ನರಿಂದ ಬಂದ ಸಂಗೀತ ಶೈಲಿಗಳು) ಸಂಗೀತಗಾರರನ್ನು. ಡ್ರಮ್ಸ್‌ಗೆ ಹೋಮರ್ ಸ್ಟೈನ್‌ವೈಸ್, ಬೇಸ್‌ಗೆ ನಿಕ್ ಮಾವ್‌ಶನ್. ಬ್ರಿಟಿಷ್ ಗಾಯಕಿ ಏಮಿ ವೈನ್‌ಹೌಸ್‌ರ 2006ರ 'ಬ್ಯಾಕ್ ಟು ಬ್ಲ್ಯಾಕ್' ಆಲ್ಬಮ್‌ನಲ್ಲಿ ಇಬ್ಬರೂ ನುಡಿಸಿದ್ದಾರೆ. ಹಲವು ವಾದ್ಯ ನುಡಿಸುವ ಲಿಯಾನ್ ಮೈಕಲ್ಸ್, ರಿಚರ್ಡ್ ಸ್ವಿಫ್ಟ್ ಕೂಡ ಜೊತೆಗಿದ್ದರು. ಫಂಕ್‌ನಲ್ಲಿ ಹಾಡನ್ನು ಎಳೆದೊಯ್ಯುವುದು ಬೇಸ್. ಪೆಟ್ಟುಗಳ ನಡುವಿನ ಮೌನಕ್ಕೂ ಅಲ್ಲಿ ಬೆಲೆಯಿದೆ. ಹಾಗಾಗಿ ಗಿಟಾರ್ ಹಿಂದೆ ಸರಿಯುತ್ತದೆ, ಆವರ್‌ಬ್ಯಾಕ್ ಕೂಗುವುದನ್ನು ಬಿಟ್ಟು ಮೆಲುದನಿಯಲ್ಲಿ ಹಾಡುತ್ತಾರೆ. ನನಗೆ ಅವರ ದನಿ ಹೆಚ್ಚು ಇಷ್ಟವಾಗುವುದು ಇಲ್ಲಿಯೇ.

ಮೊದಲ ಆಲ್ಬಮ್ 'ಯುವರ್ಸ್, ಡ್ರೀಮಿಲಿ' 2015ರಲ್ಲಿ ಬಂತು. ಹೆಂಗಸರ ಮಾರಿಯಾಚಿ (ಮೆಕ್ಸಿಕೋದ ಜನಪದ ಸಂಗೀತ) ತಂಡ ಫ್ಲೋರ್ ದೆ ತೊಲೋಆಚೆಯ ದನಿಗಳೂ ಅದರಲ್ಲಿವೆ. ಸ್ವಿಫ್ಟ್ 2018ರಲ್ಲಿ ತೀರಿಕೊಂಡರು. ಅವರು ಇದ್ದಾಗ ಧ್ವನಿಮುದ್ರಿಸಿಟ್ಟಿದ್ದ ಹಾಡುಗಳನ್ನು ಗೆಳೆಯರು ಪೂರ್ಣಗೊಳಿಸಿ 2023ರಲ್ಲಿ 'ಎಲೆಕ್ಟ್ರೋಫಾನಿಕ್ ಕ್ರಾನಿಕ್' ಹೊರತಂದರು. ಮೊದಲು ಅದನ್ನೇ ಕೇಳಿ, ಹೆಡ್‌ಫೋನ್ ಹಾಕಿಕೊಂಡು, ಬೇಸ್ ಹಿಂದೆಯೇ ಕಿವಿಯಿಟ್ಟು.